ಹೋಗುವಾಗ ಹೆಗಲ ಮೇಲೆ, ಬರುವಾಗ ಕಾಲ್ನಡಿಗೆ

ಮೂರು-ನಾಲ್ಕು ವರ್ಷದ ಮಗುವಿಗೆ ಮನೆಯ ಹೊಲ, ತೋಟ ತೋರಿಸುವುದಿದ್ದರೆ ಮೊದಲು ಎತ್ತಿಕೊಂಡು ಜಮೀನಿನ ಕೊನೆಯ ಬದುವಿಗೆ ಹೋಗಿಬಿಡಿ. ನಡೆಸುವುದನ್ನು ಅಲ್ಲಿಂದ ಮನೆಯ ಕಡೆಗೆ ಶುರು ಮಾಡಿ. ಮನೆಯಿಂದಲೇ ನಡೆಯತೊಡಗಿದ ಮಗು ಮೊದಲ ಇರುವೆ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹುಮ್ಮಸ್ಸನ್ನೆಲ್ಲ ಅಲ್ಲೇ ಖರ್ಚು ಮಾಡುತ್ತದೆ, ಕಾಲು ಸೋಲುವುದು ಮಾತ್ರ ಅತಿ ದೂರದ ಮೂಲೆಯಲ್ಲಿ. ದಿಕ್ಕು ತಿರುಗಿಸಿದರೆ ಎತ್ತಿಕೊಳ್ಳುವ ಕೆಲಸ ನಿಮ್ಮ ಮೈಯಲ್ಲಿ ಕಸುವಿರುವಾಗಲೇ ಮುಗಿಯುತ್ತದೆ. ಆಮೇಲೆ ಇಡುವ ಪ್ರತಿ ಹೆಜ್ಜೆಯೂ ಮನೆಯನ್ನು ಹತ್ತಿರ ತರುತ್ತದೆ. ಇರುವೆ, ಗೊಬ್ಬರದ ಹುಳು, ಒಣಗಿದ ಬೀಜದ ಕಾಯಿ ಎಂದು ಎಷ್ಟು ಹೊತ್ತು ನಿಂತರೂ ನಿಲ್ಲಲಿ (ನಿಲ್ಲುವುದಕ್ಕೇ ಅಲ್ಲವೇ ಬಂದಿರುವುದು!). ಹುಲ್ಲು ಬೆಳೆದ ಕಡೆ ನೀವು ಮುಂದಿರಿ, ಕೋಲಿನಿಂದ ನೆಲ ತಟ್ಟುತ್ತ ಸಾಗಿ; ನೆಲದ ಕಂಪನ ಹಾವಿಗೆ ಬೇಗ ತಿಳಿಯುತ್ತದೆ. ಮನೆ ದಿಬ್ಬದ ಮೇಲಿದ್ದರೆ ಈ ಉಪಾಯ ಕೈಕೊಡುತ್ತದೆ, ಕೊನೆಯ ಏರು ನಿಮ್ಮ ಬೆನ್ನಿಗೇ. ಹೋಗುವಾಗಲೇ ಹೆಗಲ ಮೇಲೆ ನಿದ್ದೆ ಹೋದರೂ ಅಷ್ಟೇ, ಎರಡು ಕಡೆಯ ಹೊರೆಯೂ ನಿಮ್ಮದೇ. ತೆರೆದ ಬಾವಿ, ಕೃಷಿಹೊಂಡ ಇರುವ ಕಡೆ ನಡೆಸುವ ಆಸೆಯೇ ಬೇಡ. ಅವುಗಳನ್ನು ದಾಟುವವರೆಗೆ ಮತ್ತೆ ಎತ್ತಿಕೊಳ್ಳಿ.