ಜರ್ಮನಿಯ ಹೀಟಿಂಗ್ ಬಿಲ್ಲು: ನಮ್ಮ ಕಲಬುರಗಿ ಕಡೆಯ ಹುಡುಗರಿಗೆ

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಿಂದ ಓದಲು ಬರುವ ಹುಡುಗರು ಆ ಆರು ತಿಂಗಳು ಒಂದು ರೂಮಿನಲ್ಲಿದ್ದು, ಅಗ್ಗದ ಜಾಗ ಸಿಕ್ಕರೆ ಬಿಟ್ಟು ಹೋಗುವುದುಂಟು. ಹೀಟಿಂಗ್‌ಗೆಂದು ತಿಂಗಳಾ ಮುಂಗಡ ಕಟ್ಟಿರುತ್ತಾರೆ. ಆದರೂ ಮರುವರ್ಷ ಮಾಲೀಕರಿಂದ ಬಾಕಿ ಬಿಲ್ಲು ಬಂದಾಗ, ಮೋಸ ಆಯ್ತು ಅಂತ ಊರಿಗೆ ಫೋನ್ ಮಾಡಿ ಅಪ್ಪ-ಅವ್ವನ ನಿದ್ದೆ ಕೆಡಿಸುತ್ತಾರೆ. ಬಹಳ ಸಲ ಅದು ಮೋಸವಲ್ಲ, ಡಿಗ್ರಿ-ದಿನದ ಲೆಕ್ಕ, ಅಂದರೆ ಹೊರಗಿನ ಚಳಿಯನ್ನು ದಿನದಿನಕ್ಕೆ ಅಳೆಯುವ ಲೆಕ್ಕ. ವಿಮಾನ ಹತ್ತುವ ಮೊದಲೇ ಇದನ್ನು ತಿಳಿದುಕೊಳ್ಳಿ.

ಮನೆಯೊಳಗೆ 20 ಡಿಗ್ರಿ ಬೇಕು ಎಂದು ಅಲ್ಲಿ ಹಿಡಿಯುತ್ತಾರೆ. ಹೊರಗಿನ ದಿನದ ಸರಾಸರಿ 15ಕ್ಕಿಂತ ಕೆಳಗಿದ್ದರೆ ಅದು ಹೀಟಿಂಗ್ ದಿನ. ಆ ಸರಾಸರಿಯನ್ನು 20ರಲ್ಲಿ ಕಳೆಯಿರಿ, ಉಳಿದದ್ದೇ ಆ ದಿನದ ಡಿಗ್ರಿ-ದಿನ. ಸರಾಸರಿ 5 ಇದ್ದರೆ 15 ಡಿಗ್ರಿ-ದಿನ, ಮೈನಸ್ 3 ಇದ್ದರೆ 23, 16 ಇದ್ದರೆ ಸೊನ್ನೆ. ಹೊರಗೆ 15ರ ಮೇಲಿದ್ದಾಗ ಉಳಿದ ಕೊರತೆಯನ್ನು ಮನೆಯಲ್ಲಿರುವ ಜನ, ಒಲೆ, ಕಿಟಕಿಯ ಬಿಸಿಲೇ ತುಂಬಿಕೊಡುತ್ತವೆ. ಗೋಡೆ, ಕಿಟಕಿಗಳಿಂದ ಸೋರುವ ಶಾಖ ಒಳ-ಹೊರಗಿನ ಅಂತರ ಹೆಚ್ಚಿದಷ್ಟೂ ಹೆಚ್ಚುತ್ತದೆ. ಹಾಗಾಗಿ ಈ ಸರಳ ಕಳೆಯುವಿಕೆ ನಂಬಿಕೆಗೆ ಅರ್ಹ.

ನಮ್ಮವರು ಎಡವುವುದು ‘ಸರಾಸರಿ’ಯಲ್ಲಿ. ಡಿಸೆಂಬರಿನಲ್ಲಿ ಬೀದರಿನ ಬೆಳಗು 10 ಡಿಗ್ರಿ, ಮಧ್ಯಾಹ್ನ 27 ಅಂತಿಟ್ಟುಕೊಳ್ಳಿ. ಬೆಳಗಿನ ಥಂಡಿಗೆ ರಸ್ತೆ ಬದಿ ಕಡ್ಡಿ-ಕಸ ಹಚ್ಚಿ ಕೈ ಕಾಯಿಸಿಕೊಂಡರೂ ಆ ದಿನದ ಸರಾಸರಿ ಸುಮಾರು 18, ಡಿಗ್ರಿ-ದಿನ ಸೊನ್ನೆ. ನಮ್ಮ ಕಲ್ಲಿನ ಮನೆಗಳು ಹಗಲ ಶಾಖ ಹಿಡಿದು ರಾತ್ರಿ ಬಿಡುತ್ತವೆ. ಜರ್ಮನಿಯ ಜನವರಿಯಲ್ಲಿ ಮಧ್ಯಾಹ್ನವೂ ಇಳಿಯದ ಚಳಿ, ಹಿಡಿದಿಡಲು ಹಗಲಿನ ಶಾಖವೇ ಇಲ್ಲ. ಬೀದರಿನ ಚಳಿ ಕಂಡಿದ್ದೇವೆ ಎಂಬ ಧೈರ್ಯದಲ್ಲಿ ಬಜೆಟ್ ಹಾಕಬೇಡಿ.

ನಿಮ್ಮ ಮನೆಯ ಖರ್ಚನ್ನು ನೀವೇ ಅಂದಾಜು ಮಾಡಬಹುದು. ಹೀಟಿಂಗ್ ಮಾಡುವ ಗ್ಯಾಸಿನಿಂದಲೇ ಬಿಸಿನೀರೂ ಬರುತ್ತಿದ್ದರೆ, ಒಂದು ಚಳಿಗಾಲದ ತಿಂಗಳ ಬಳಕೆಯಲ್ಲಿ ಜುಲೈ ತಿಂಗಳ ಬಳಕೆಯನ್ನು ಮೊದಲು ಕಳೆಯಿರಿ, ಅದು ಸ್ನಾನದ ಪಾಲು. ಉಳಿದದ್ದು 900 ಯೂನಿಟ್, ಆ ಚಳಿಗಾಲದ ತಿಂಗಳ ದಿನದಿನದ ಡಿಗ್ರಿ-ದಿನ ಕೂಡಿಸಿದರೆ 450 ಆದರೆ, ಒಂದು ಡಿಗ್ರಿ-ದಿನಕ್ಕೆ 2 ಯೂನಿಟ್. ಮುಂದಿನ ತಿಂಗಳು 300 ಡಿಗ್ರಿ-ದಿನ ಬಂದರೆ 600 ಯೂನಿಟ್ ಸಾಕು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಕಿಟಕಿ ಓರೆ ತೆರೆದೇ ಇಡುತ್ತಿದ್ದೀರಾ ನೋಡಿ. ಐದು ನಿಮಿಷ ಪೂರ್ತಿ ತೆರೆದು ಮುಚ್ಚುವುದೇ ಸರಿ.

ಈಗ ಆರು ತಿಂಗಳ ವಿಷಯ. ವರ್ಷದ ನಡುವೆ ಬಾಡಿಗೆದಾರ ಬದಲಾದರೆ ಖರ್ಚು ಹಂಚಲು ಅಲ್ಲಿ ಡಿಗ್ರಿ-ದಿನದ ಮೇಲೆ ಮಾಡಿದ ಒಂದು ಪಟ್ಟಿ ಬಳಸುತ್ತಾರೆ. ವರ್ಷಕ್ಕೆ ಒಟ್ಟು 1000 ಪಾಲು. ಜನವರಿಗೆ 170, ಫೆಬ್ರುವರಿಗೆ 150, ಮಾರ್ಚ್‌ಗೆ 130, ಅಕ್ಟೋಬರಿಗೆ 80, ನವೆಂಬರಿಗೆ 120, ಡಿಸೆಂಬರಿಗೆ 160. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ ಬರೀ 40! ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕೂಡಿಸಿದರೆ 810. ವರ್ಷದ ಖರ್ಚು 600 ಯೂರೋ, ಮುಂಗಡ ತಿಂಗಳಿಗೆ 50 ಎಂದರೆ ನೀವು ಕಟ್ಟಿದ್ದು 300. ಪೂರ್ತಿ ಈ ಪಟ್ಟಿಯಂತೆ ಹಂಚಿದರೆ ನಿಮ್ಮ ಪಾಲು 486. ಬಾಕಿ 186 ಯೂರೋ ಬಂದದ್ದು ಹೀಗೆ. ಬಾಡಿಗೆಯಲ್ಲೇ ಎಲ್ಲ ಸೇರಿದೆ, ಬೇರೆ ಲೆಕ್ಕವಿಲ್ಲ ಎಂದು ಕರಾರಿನಲ್ಲಿದ್ದರೆ ಈ ತಾಪತ್ರಯವಿಲ್ಲ.

ಸಾಮಾನ್ಯವಾಗಿ ಖರ್ಚಿನ 50ರಿಂದ 70 ಶೇಕಡಾ ಮೀಟರ್ ಪ್ರಕಾರ, ಉಳಿದದ್ದು ಮನೆಯ ವಿಸ್ತೀರ್ಣದ ಪ್ರಕಾರ. ಆದ್ದರಿಂದ ರೂಮು ಬಿಡುವ ದಿನ ಪ್ರತಿ ರೇಡಿಯೇಟರಿನ (ರೂಮು ಬೆಚ್ಚಗೆ ಮಾಡುವ ಸಾಧನ) ಮೀಟರ್ ಓದಿಸಿ, ಫೋಟೋ ತೆಗೆದು, ಹಸ್ತಾಂತರದ ಕಾಗದದಲ್ಲಿ ಬರೆಸಿ. ಮಧ್ಯಂತರ ರೀಡಿಂಗ್ ಇಲ್ಲದಿದ್ದರೆ ಮೀಟರಿನ ಪಾಲೂ ಪಟ್ಟಿಯಂತೆಯೇ ಹಂಚಿಹೋಗುತ್ತದೆ. ಉಳಿತಾಯ ಮಾಡಿದವರಿಗೆ ನಷ್ಟ. ಹೊಸ ವಿಳಾಸ ಕೊಟ್ಟು ಹೋಗಿ. ಲೆಕ್ಕದ ವರ್ಷ ಮುಗಿದ 12 ತಿಂಗಳೊಳಗೆ ಮಾಲೀಕರು ಬಿಲ್ಲು ಕೊಡಬೇಕು. ಕೈಗೆ ಬಂದ ಮೇಲೆ ಆಕ್ಷೇಪ ಎತ್ತಲು ನಿಮಗೂ 12 ತಿಂಗಳಿದೆ.