ಲಿನಕ್ಸ್ ಅಪ್‌ಗ್ರೇಡ್ ಆದಮೇಲೆ ಮೇಲ್ ನಿಂತಿದೆಯೇ? ಹೀಗೆ ಹುಡುಕಿ

ಅಪ್‌ಗ್ರೇಡ್ ಮುಗಿದಿದೆ. ಸರ್ವರ್ ರೀಬೂಟ್ ಆಗಿದೆ. ವೆಬ್‌ಸೈಟ್ ತೆರೆಯುತ್ತಿದೆ, ಆದರೆ ಮೇಲ್ ಮಾತ್ರ ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ಸೆಟ್ಟಿಂಗ್ ಎಲ್ಲ ಬದಲಿಸಿ ನೋಡೋಣ ಅನ್ನಿಸುವುದು ಸಹಜ. ದಯವಿಟ್ಟು ಬೇಡ. ನಿಮಗೆ ಸಮಯ ಇದೆ. ನಿಮ್ಮ ಸರ್ವರ್ ಸಿಗದಿದ್ದರೆ ಕಳುಹಿಸುವ ಕಡೆಯ ಸರ್ವರ್ ಆ ಪತ್ರವನ್ನು ಎಸೆಯುವುದಿಲ್ಲ. ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4ರಿಂದ 5 ದಿನ ಹೀಗೆ ಪ್ರಯತ್ನಿಸಬೇಕು ಎಂದು ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿ) ನಿಯಮವೇ ಹೇಳುತ್ತದೆ.

ಹಾಗಾಗಿ ಕೆಲವು ಗಂಟೆ ಸರ್ವರ್ ನಿಂತರೆ ಪತ್ರ ಕಳೆದುಹೋಗುವುದಿಲ್ಲ. ಸರ್ವರ್ ಅರ್ಧಂಬರ್ಧ ಎದ್ದು ತಪ್ಪು ಉತ್ತರ ಕೊಟ್ಟಾಗಲೇ ಅಪಾಯ ಜಾಸ್ತಿ. ಸರ್ವರ್ ಉತ್ತರವಾಗಿ ಮೂರಂಕಿಯ ಸಂಖ್ಯೆ ಕೊಡುತ್ತದೆ. ಅದು 4ರಿಂದ ಶುರುವಾದರೆ "ಆಮೇಲೆ ಬಾ" ಎಂದರ್ಥ. 5ರಿಂದ ಶುರುವಾದರೆ "ಇನ್ನು ಬರಬೇಡ" ಎಂದರ್ಥ. ನಿಜವಾಗಿ ಇರುವ ವಿಳಾಸಕ್ಕೆ ನಿಮ್ಮ ಸರ್ವರ್ 550 ಎಂದುಬಿಟ್ಟರೆ ಆ ಪತ್ರ ಕಳುಹಿಸಿದವರಿಗೇ ವಾಪಸ್ ಹೋಗುತ್ತದೆ.

ಮೊದಲು ಪತ್ರಗಳನ್ನು ಕಾಪಾಡಿ

ಮೇಲ್ ಸಾಗಿಸಲು ನೀವು ಬಳಸುತ್ತಿರುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ಆದರೆ ಅದರ ಮೇನ್.ಸಿಎಫ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಸಾಫ್ಟ್_ಬೌನ್ಸ್ ಎಂಬುದನ್ನು ಯೆಸ್ ಮಾಡಿ, ರೀಲೋಡ್ ಕೊಡಿ. ಇನ್ನು ಮುಂದೆ ಅದು ಕೊಡುವ 5ರ ಉತ್ತರಗಳೆಲ್ಲ 4ರ ಉತ್ತರಗಳಾಗುತ್ತವೆ. ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್‌ನ (ಬಳಕೆದಾರರಿಗೆ ಇನ್‌ಬಾಕ್ಸ್ ತೋರಿಸುವ ಪ್ರೋಗ್ರಾಂ) ಕಾನ್ಫಿಗ್ ಫೋಲ್ಡರ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಡಿ. ಕ್ಯೂನಲ್ಲಿ, ಅಂದರೆ ಸಾಗಲು ಕಾಯುವ ಸಾಲಿನಲ್ಲಿ, ಪತ್ರಗಳು ತುಂಬಿದ್ದರೆ ಗಾಬರಿ ಬೇಡ. ಅವು ಕ್ಷೇಮವಾಗಿ ಕಾಯುತ್ತಿವೆ ಅಷ್ಟೆ. ಕ್ಯೂನಲ್ಲಿರುವ ಪತ್ರಗಳನ್ನು ಅಳಿಸುವ ಕಮಾಂಡ್ ಮಾತ್ರ ಮುಟ್ಟಲೇಬೇಡಿ.

ಲಾಗ್ ಓದಿ, ಊಹೆ ಬೇಡ

ಸರ್ವೀಸ್ ರೀಸ್ಟಾರ್ಟ್ ಮಾಡಿ, ಲಾಗ್‌ನಲ್ಲಿ ಅದರ ನಂತರ ಬಂದ ಮೊದಲ ಫೇಟಲ್ ಅಥವಾ ಎರರ್ ಸಾಲನ್ನು ಹುಡುಕಿ. ಕೊನೆಯ ಸಾಲಲ್ಲ, ಮೊದಲನೆಯದು. ಮಿಕ್ಕವು ಹೆಚ್ಚಾಗಿ ಅದರಿಂದಲೇ ಹುಟ್ಟಿದ ಗಲಾಟೆ. ಹಳೆಯ ಮೇಲ್.ಲಾಗ್ ಫೈಲ್ ಕಾಣದಿದ್ದರೆ ಜರ್ನಲ್‌ಸಿಟಿಎಲ್ ಎಂಬ ಕಮಾಂಡ್ ಹಾಕಿ ನೋಡಿ. ಡೆಬಿಯನ್ ಲಿನಕ್ಸ್ 12ರಿಂದ ಹೊಸದಾಗಿ ಹಾಕಿದ ಸಿಸ್ಟಂಗಳಲ್ಲಿ, ಆ ಫೈಲನ್ನು ಬರೆಯುವ ಆರ್‌ಸಿಸ್‌ಲಾಗ್ ಎಂಬ ಪ್ರೋಗ್ರಾಂ ತಾನಾಗಿಯೇ ಬರುವುದಿಲ್ಲ.

ಸರ್ವೀಸ್‌ಗಳ ಸ್ಥಿತಿ ಹೇಳುವ ಸಿಸ್ಟಂಸಿಟಿಎಲ್ ಕಮಾಂಡ್ "ಆ್ಯಕ್ಟಿವ್" ಎಂದ ಮಾತ್ರಕ್ಕೆ ನಂಬಬೇಡಿ. ಡೆಬಿಯನ್ 12ರವರೆಗೆ ಪೋಸ್ಟ್‌ಫಿಕ್ಸ್ ಎಂಬ ಸರ್ವೀಸ್ ಹೆಸರಿಗೆ ಮಾತ್ರ ಇತ್ತು. ನಿಜವಾದ ಕೆಲಸ ಇನ್ನೊಂದು ಯೂನಿಟ್ ಮಾಡುತ್ತಿತ್ತು. ಎಸ್‌ಎಸ್ ಕಮಾಂಡ್ ಹಾಕಿ ಮೇಲ್ ಬಳಸುವ 25, 587, 993 ಪೋರ್ಟ್‌ಗಳಲ್ಲಿ ಯಾವುದಾದರೂ ಪ್ರೋಗ್ರಾಂ ಕಿವಿಗೊಟ್ಟು ಕಾಯುತ್ತಿದೆಯಾ ನೋಡಿ. ಇದೇ ನಂಬಬಹುದಾದ ಸಾಕ್ಷಿ. ಹಾಗೆಯೇ ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತಲೂ ನೋಡಿಬಿಡಿ. ಅಪ್‌ಗ್ರೇಡ್‌ಗಾಗಿ ಇಳಿಸಿಕೊಂಡ ಪ್ಯಾಕೇಜ್‌ಗಳು ಡಿಸ್ಕ್‌ನ ವಾರ್ (/var) ವಿಭಾಗವನ್ನು ತುಂಬಿಬಿಟ್ಟಿರಬಹುದು. ಆಗ ಪೋಸ್ಟ್‌ಫಿಕ್ಸ್ 452, ಅಂದರೆ ಜಾಗವಿಲ್ಲ, ಎನ್ನುತ್ತಾ ಕೂರುತ್ತದೆ.

ಡವ್‌ಕಾಟ್ 2.4ರ ಪೆಟ್ಟು

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಹೋದವರು ಮೊದಲು ಇಲ್ಲೇ ನೋಡಬೇಕು. ಅದರಲ್ಲಿರುವ ಡವ್‌ಕಾಟ್ 2.4ಕ್ಕೆ 2.3ರ ಕಾನ್ಫಿಗ್ ಅರ್ಥವಾಗುವುದಿಲ್ಲ. ಫೈಲಿನ ಮೊದಲ ಸೆಟ್ಟಿಂಗ್ ಡವ್‌ಕಾಟ್_ಕಾನ್ಫಿಗ್_ವರ್ಷನ್ ಆಗಿರಲೇಬೇಕು. ಮೇಲ್_ಲೊಕೇಶನ್ ಹೋಗಿ, ಅದರ ಕೆಲಸವನ್ನು ಮೇಲ್_ಡ್ರೈವರ್, ಮೇಲ್_ಪಾತ್ ಹಂಚಿಕೊಂಡಿವೆ. ಎಸ್‌ಎಸ್‌ಎಲ್_ಸರ್ಟ್ ಈಗ ಎಸ್‌ಎಸ್‌ಎಲ್_ಸರ್ವರ್_ಸರ್ಟ್_ಫೈಲ್. ಬಳಕೆದಾರರ ಹೆಸರಿಗೆ ಒಂದೇ ಅಕ್ಷರದಲ್ಲಿ ಬರೆಯುತ್ತಿದ್ದ ಗುರುತುಗಳೂ ಬದಲಾಗಿವೆ.

ಹಳೆಯ ಫೈಲನ್ನೇ ಸಾಲುಸಾಲಾಗಿ ತಿದ್ದುತ್ತಾ ಹೋದರೆ ಸಂಜೆಯಾದರೂ ಮುಗಿಯುವುದಿಲ್ಲ. ಹೊಸ ಪ್ಯಾಕೇಜಿನ ಮಾದರಿ ಫೈಲ್ ತೆಗೆದುಕೊಂಡು, ನಿಮಗೆ ಬೇಕಾದ ಸೆಟ್ಟಿಂಗ್‌ಗಳನ್ನಷ್ಟೇ ಅದಕ್ಕೆ ಸೇರಿಸುವುದು ಒಳ್ಳೆಯದು. ಪ್ರತಿ ಸಲ ಡವ್‌ಕಾನ್ಫ್ -ಎನ್ ಹಾಕಿ ನೋಡಿ. ತಪ್ಪಿದ್ದರೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.

ಮೇಲ್_ಪಾತ್ ತಪ್ಪಿದ್ದರೆ ಇನ್ನೊಂದು ರೀತಿಯ ದಿಗಿಲು ಕಾದಿರುತ್ತದೆ. ಲಾಗಿನ್ ಆಗುತ್ತದೆ, ಆದರೆ ಇನ್‌ಬಾಕ್ಸ್ ಖಾಲಿ! ಪತ್ರಗಳು ಹೋಗಿಲ್ಲ. ಡವ್‌ಕಾಟ್ ಬೇರೆ ಫೋಲ್ಡರ್ ನೋಡುತ್ತಿದೆ. ಡಿಸ್ಕ್‌ನಲ್ಲಿ ಹಳೆಯ ಫೋಲ್ಡರ್ ಹಾಗೇ ಇದೆ ಎಂದು ಖಾತ್ರಿ ಮಾಡಿಕೊಂಡು ದಾರಿ ಸರಿಪಡಿಸಿ.

ಇಲ್ಲಿ ಬಹಳ ಜನ ದಾರಿ ತಪ್ಪುವ ಒಂದು ತಿರುವಿದೆ. ಡವ್‌ಕಾಟ್ ಬಿದ್ದರೆ ಎರರ್ ಪೋಸ್ಟ್‌ಫಿಕ್ಸ್ ಕಡೆಯಿಂದಲೂ ಬರುತ್ತದೆ. ಪಾಸ್‌ವರ್ಡ್ ಪರೀಕ್ಷಿಸಲು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ಡವ್‌ಕಾಟನ್ನೇ ಕೇಳುತ್ತದೆ. ಅವೆರಡರ ನಡುವಿನ ಸಾಕೆಟ್ ಫೈಲ್ ಇಲ್ಲದಿದ್ದರೆ, ಪ್ರೈವೇಟ್/ಆಥ್‌ಗೆ ಕನೆಕ್ಟ್ ಆಗಲಿಲ್ಲ ಎಂಬ ಎಚ್ಚರಿಕೆ ಬಂದು ಯಾರಿಗೂ ಮೇಲ್ ಕಳುಹಿಸಲು ಆಗುವುದಿಲ್ಲ. ಆಗ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಕೆದಕಿ ಏನೂ ಸಿಗದು. ಡವ್‌ಕಾಟ್ ಎಬ್ಬಿಸಿ.

ಪೋಸ್ಟ್‌ಫಿಕ್ಸ್ ಒಳಗಿನ ತೊಡಕುಗಳು

ರೆಡ್‌ಹ್ಯಾಟ್ 10 ಅಥವಾ ಅದೇ ಕುಟುಂಬದ ಸಿಸ್ಟಂಗೆ ಬಂದಿದ್ದರೆ "ಅನ್‌ಸಪೋರ್ಟೆಡ್ ಡಿಕ್ಷನರಿ ಟೈಪ್: ಹ್ಯಾಶ್" ಎಂಬ ಸಾಲು ಕಾಣಬಹುದು. ಹ್ಯಾಶ್ ಮಾದರಿಯ ಟೇಬಲ್‌ಗಳನ್ನು ಓದಲು ಬೇಕಾದ ಬರ್ಕ್ಲಿ ಡಿಬಿ ಲೈಬ್ರರಿಯನ್ನು ಅಲ್ಲಿ ತೆಗೆದುಹಾಕಲಾಗಿದೆ. ಮೇನ್.ಸಿಎಫ್‌ನಲ್ಲಿ ಹ್ಯಾಶ್ ಎಂದಿರುವ ಕಡೆಯೆಲ್ಲ ಎಲ್‌ಎಂಡಿಬಿ ಎಂದು ಬದಲಿಸಿ. ನಂತರ ಪ್ರತಿ ಟೇಬಲ್‌ಗೂ ಪೋಸ್ಟ್‌ಮ್ಯಾಪ್, ಏಲಿಯಸ್‌ಗಳಿಗೆ ನ್ಯೂಏಲಿಯಸಸ್ ಓಡಿಸಿ. ಈ ಎರಡನೆಯ ಕೆಲಸ ಮರೆತರೆ ಎರರ್ ಬೇರೆಯದಾಗುತ್ತದೆ, ಮೇಲ್ ಮಾತ್ರ ಹಾಗೇ ನಿಂತಿರುತ್ತದೆ.

ಒಳಗೆ ಬರುವ ಮೇಲ್ ಸರಿ ಇದ್ದು ಹೊರಗೆ ಹೋಗದಿದ್ದರೆ, "ನೇಮ್ ಸರ್ವೀಸ್ ಎರರ್" ಇದೆಯಾ ನೋಡಿ. ಪೋಸ್ಟ್‌ಫಿಕ್ಸ್ ತನ್ನ ಕ್ಯೂ ಫೋಲ್ಡರ್ ಒಳಗೇ ಬೀಗ ಹಾಕಿಕೊಂಡು ಕೆಲಸ ಮಾಡುವ ಸಿಸ್ಟಂಗಳಲ್ಲಿ ಅದಕ್ಕೆ ರಿಸಾಲ್ವ್.ಕಾನ್ಫ್‌ನ (ಡಿಎನ್‌ಎಸ್, ಅಂದರೆ ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ ಎಲ್ಲಿದೆ ಎಂದು ಹೇಳುವ ಫೈಲ್) ಪ್ರತ್ಯೇಕ ಕಾಪಿ ಇರುತ್ತದೆ. ಅಪ್‌ಗ್ರೇಡ್‌ನಲ್ಲಿ ಡಿಎನ್‌ಎಸ್ ವ್ಯವಸ್ಥೆ ಬದಲಾಗಿ ಆ ಕಾಪಿ ಹಳತಾಗಿರಬಹುದು. ರೀಸ್ಟಾರ್ಟ್ ಮಾಡಿ, ಎರಡೂ ಫೈಲ್ ಹೋಲಿಸಿ. ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಓಪನ್‌ಡಿಕೆಐಎಂನಂಥ ಮಿಲ್ಟರ್ (ಮೇಲ್ ಫಿಲ್ಟರ್) ಎದ್ದಿಲ್ಲದಿದ್ದರೂ ಪೋಸ್ಟ್‌ಫಿಕ್ಸ್ 451 ಕೊಟ್ಟು ಎಲ್ಲವನ್ನೂ ತಡೆಯುತ್ತದೆ, ಅದನ್ನೂ ಮರೆಯಬೇಡಿ.

ಎಲ್ಲರಿಗೂ ಸರಿಯಾಗಿ ಕೆಲವು ಹಳೆಯ ಸ್ಕ್ಯಾನರ್ ಅಥವಾ ಫೋನ್‌ಗಳಿಗೆ ಮಾತ್ರ ಕೆಟ್ಟಿದ್ದರೆ ಕಾರಣ ಹೆಚ್ಚಾಗಿ ಟಿಎಲ್‌ಎಸ್, ಅಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಪದ್ಧತಿ. 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲೇ ಅಧಿಕೃತವಾಗಿ ಕೈಬಿಡಲಾಗಿದೆ. ಹೊಸ ಸಿಸ್ಟಂಗಳು 1.2ಕ್ಕಿಂತ ಕೆಳಗೆ ಮಾತಾಡುವುದಿಲ್ಲ. ಒಂದು ಹಳೆಯ ಮೆಷಿನ್‌ಗಾಗಿ ಇಡೀ ಸರ್ವರಿನ ಭದ್ರತೆ ಸಡಿಲಿಸಬೇಡಿ. ಹಾಗೆಯೇ "ರಿಲೇ ಆ್ಯಕ್ಸೆಸ್ ಡಿನೈಡ್" ಬಂತೆಂದು ಮೈನೆಟ್‌ವರ್ಕ್ಸ್‌ಗೆ (ಪಾಸ್‌ವರ್ಡ್ ಇಲ್ಲದೆ ಮೇಲ್ ಕಳುಹಿಸಬಹುದಾದ ಐಪಿ ವಿಳಾಸಗಳ ಪಟ್ಟಿ) ಇಡೀ ಇಂಟರ್ನೆಟ್ಟನ್ನೇ ಸೇರಿಸಬೇಡಿ. ಸ್ಪ್ಯಾಮರ್‌ಗಳು ಅಂಥ ಬಾಗಿಲನ್ನು ಬೇಗ ಹುಡುಕುತ್ತಾರೆ. ಬ್ಲಾಕ್‌ಲಿಸ್ಟ್‌ನಿಂದ ಹೊರಬರುವುದು ಈಗಿನ ಕೆಲಸಕ್ಕಿಂತ ಕಷ್ಟ.

ಪರೀಕ್ಷಿಸಿ, ನಂತರ ಕ್ಯೂ ಬಿಡಿ

ಮೊದಲು ಸರ್ವರ್ ಒಳಗಿನಿಂದ ಒಳಗಿನ ವಿಳಾಸಕ್ಕೆ ಒಂದು ಪತ್ರ ಕಳುಹಿಸಿ. ನಂತರ ಹೊರಗಿನಿಂದ ಒಳಗೆ, ಕೊನೆಗೆ ಒಳಗಿನಿಂದ ಹೊರಗೆ. ಹೊರಗೆ ತಲುಪಿದ ಪತ್ರದ ಹೆಡರ್ ತೆರೆದು, ಕಳುಹಿಸಿದವರು ನಿಜವೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕೆಐಎಂ ಎರಡೂ ಪಾಸ್ ಆಗಿವೆಯಾ ನೋಡಿ. ಅಪ್‌ಗ್ರೇಡ್ ನಂತರ ಸರ್ವರ್ ಐಪಿವಿ6 ಮೂಲಕ ಕಳುಹಿಸಲು ಶುರುಮಾಡಿದ್ದರೆ, ಆ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಹೆಸರು ತಿಳಿಸುವ ದಾಖಲೆ) ಇಲ್ಲದ ಕಾರಣಕ್ಕೆ ದೊಡ್ಡ ಮೇಲ್ ಸೇವೆಗಳು ತಿರಸ್ಕರಿಸಬಹುದು.

ಮೂರೂ ಸರಿ ಇದ್ದರೆ ಸಾಫ್ಟ್_ಬೌನ್ಸ್ ತೆಗೆದು, ಪೋಸ್ಟ್‌ಕ್ಯೂ -ಎಫ್ ಕೊಟ್ಟು ಕ್ಯೂ ಬಿಡಿ. ಅದು ಕರಗುವವರೆಗೆ ಲಾಗ್ ಮುಂದೆ ಕೂತಿರಿ. ಕೊನೆಗೆ, ಟಿಎಲ್‌ಎಸ್ ಸರ್ಟಿಫಿಕೇಟ್ ತಾನಾಗಿ ನವೀಕರಿಸುವ ಸರ್ಟ್‌ಬಾಟ್ ಬಳಸುತ್ತಿದ್ದರೆ ಅದರ ಡ್ರೈ-ರನ್ (ಪ್ರಾಯೋಗಿಕ ಓಟ) ಒಂದನ್ನು ಓಡಿಸಿ. ಸರ್ಟಿಫಿಕೇಟ್ ನವೀಕರಣ ಅಪ್‌ಗ್ರೇಡ್‌ನಲ್ಲಿ ಮುರಿದಿದ್ದರೆ ಅದು ಈವತ್ತು ಗೊತ್ತಾಗುವುದಿಲ್ಲ, ಅವಧಿ ಮುಗಿದ ದಿನವೇ ಗೊತ್ತಾಗುತ್ತದೆ. ಹೊಸ ಸರ್ಟಿಫಿಕೇಟ್ ಬಂದಾಗ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡೂ ರೀಲೋಡ್ ಆಗುವಂತೆ ಡಿಪ್ಲಾಯ್ ಹುಕ್ (ನವೀಕರಣವಾದ ಮೇಲೆ ತಾನಾಗಿ ಓಡುವ ಕಮಾಂಡ್) ಇದೆಯಾ ಎಂದೂ ನೋಡಿಕೊಳ್ಳಿ.