ಕುರ್ಚಿಯಿಂದ ಏಳಲು ಕಷ್ಟವೇ? ಮೊದಲು ಪಾದ ಹಿಂದಕ್ಕೆ ಎಳೆದುಕೊಳ್ಳಿ

ಮನೆಯಲ್ಲಿ ಹಿರಿಯರು ಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದರೆ ಕೈ ಹಿಡಿದು ಎಳೆಯಬೇಡಿ. ಕುರ್ಚಿಯ ಅಂಚಿಗೆ ಜರುಗಿ, ಎರಡೂ ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಲು ಹೇಳಿ. ಕೂತಾಗ ಮೈಭಾರವೆಲ್ಲ ಕುರ್ಚಿಯ ಮೇಲಿರುತ್ತದೆ. ಕಾಲು ಮುಂದೆ ಚಾಚಿಕೊಂಡೇ ನೆಟ್ಟಗೆ ಏಳಲು ಹೋದರೆ ಆ ಭಾರ ಹಿಂದೆಯೇ ಉಳಿದು ಧಪ್ ಅಂತ ಮತ್ತೆ ಕೂರುತ್ತೇವೆ. ಬಾಗಿದಾಗ ಅದು ಪಾದದ ಮೇಲೆ ಬರುತ್ತದೆ, ಏಳುವುದು ಹಗುರವಾಗುತ್ತದೆ. ಮುಗ್ಗರಿಸುವ ಭಯಕ್ಕೆ ವಯಸ್ಸಾದವರು ಬಾಗುವುದೇ ಇಲ್ಲ, ಅಲ್ವಾ? ಹಾಗಾಗಿ ಮೊದಮೊದಲು ಪಕ್ಕದಲ್ಲಿ ನಿಂತಿರಿ. ಅಭ್ಯಾಸವಾದ ಮೇಲೆ ಬೆಳಿಗ್ಗೆ 5, ಸಂಜೆ 5 ಸಲ ಹೀಗೆ ಎದ್ದು ನಿಧಾನವಾಗಿ ಕೂತರೆ ತೊಡೆಗೂ ಬಲ ಬರುತ್ತದೆ. ಆದರೆ ಹಗುರ ಪ್ಲಾಸ್ಟಿಕ್ ಕುರ್ಚಿ ನಯವಾದ ನೆಲದ ಮೇಲೆ ಜಾರುತ್ತದೆ, ಅದನ್ನು ಗೋಡೆಗೆ ಒತ್ತಿ ಇಡಿ. ಕುಸಿಯುವ ಸೋಫಾದಲ್ಲಿ ಈ ಉಪಾಯ ನಡೆಯುವುದಿಲ್ಲ. ಸೊಂಟ ಮಂಡಿಗಿಂತ ಕೆಳಗೆ ಹೋದರೆ ಎಷ್ಟು ಬಾಗಿದರೂ ಅಷ್ಟೇ. ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ವಾಕರ್ ಇದ್ದರೆ ಅದನ್ನು ಹಿಡಿದು ಎಳೆದುಕೊಂಡು ಏಳಬಾರದು, ಮಗುಚುತ್ತದೆ. ಕುರ್ಚಿಯ ಕೈಯನ್ನೇ ಒತ್ತಿ ಎದ್ದು, ಆಮೇಲೆ ವಾಕರ್ ಹಿಡಿಯಲಿ. ಎದ್ದ ತಕ್ಷಣ ತಲೆ ಸುತ್ತುವವರು ಏಳುವ ಮುಂಚೆ ಪಾದವನ್ನು ಒಂದಿಷ್ಟು ಹೊತ್ತು ಮೇಲೆ ಕೆಳಗೆ ಆಡಿಸಲಿ. ಸುತ್ತು ಜಾಸ್ತಿಯಿದ್ದರೆ ಡಾಕ್ಟರಿಗೆ ತೋರಿಸಿ. ಸೊಂಟದ ಕೀಲು ಬದಲಿಸಿಕೊಂಡು ಇನ್ನೂ ಕೆಲವೇ ವಾರ ಆದವರು ಹೀಗೆ ಬಾಗಬಹುದೇ ಅಂತ ಮೊದಲು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ.